ಜೋಡಿ ಸೂಜಿ

"ಕತ್ತಿ ಕೆಳಗಿಡಿ!"

ಡಾಕ್ಟರಮ್ಮನ ಕೂಗಿಗೆ ಕೊಟ್ಟಿಗೆಯ ತಗಡಿನ ಮೇಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಕತ್ತಿ ಮಾತ್ರ ಇದ್ದಲ್ಲೇ ಇತ್ತು, ಸತ್ತ ಹಸುವಿನ ಹೊಟ್ಟೆಯಿಂದ ಗೇಣು ದೂರದಲ್ಲಿ.

ಹಿಡಿದವನು ಹಾಲಿನ ಸಂಘದ ಯಜಮಾನ. ಬೆನ್ನ ಹಿಂದೆ ಎಲ್ಲರಿಗೂ ಅವನು ಮೀಸೆ, ಎದುರಿಗೆ ಯಜಮಾನ್ರು. ಅವನ ಸುತ್ತ ಮೂವತ್ತು ನಲವತ್ತು ಜನ ಒತ್ತಿಕೊಂಡು ನಿಂತಿದ್ದರು.

"ಹೊಟ್ಟೆ ಬಗೆದು ನೋಡೇಬಿಡೋಣ ಡಾಕ್ಟರಮ್ಮ. ಒಳಗೆ ವಿಷ ಸಿಗುತ್ತೆ. ಸಿಕ್ಕಿದ ತಕ್ಷಣ ಆ ಗಾಡಿಯವನ ಕಥೆ ಮುಗೀತು."

"ಒಳಗೆ ಏನಿದೆ ಅಂತ ನಾನು ಹೇಳ್ತೀನಿ. ಮೊದಲು ನಾಲ್ಕು ಹೆಜ್ಜೆ ಹಿಂದೆ ಸರೀರಿ."

"ಯಾಕೆ, ಹೆದರಿಕೆನಾ?"

"ಹೌದು. ಕೈಕಾಲು ನಡುಗೋಷ್ಟು ಹೆದರಿಕೆ. ನಿಮಗೂ ಆಗ್ಬೇಕು. ಅದರ ಮೂಗಿನ ಹತ್ತಿರ ನೋಡಿ."

ಎಲ್ಲರೂ ನೋಡಿದರು. ಹಸುವಿನ ಮೂಗಿನ ಹೊಳ್ಳೆಯಿಂದ ಕಪ್ಪು ರಕ್ತ ಇಳಿದು, ಸಿಮೆಂಟಿನ ನೆಲದ ಮೇಲೆ ಹರಿದು, ಮೋರಿಯ ಕಡೆ ದಾರಿ ಹುಡುಕುತ್ತಿತ್ತು.

"ಸತ್ತು ನಾಲ್ಕು ಗಂಟೆ ಆಯ್ತು. ರಕ್ತ ಇನ್ನೂ ಹೆಪ್ಪುಗಟ್ಟಿಲ್ಲ. ಕಾಲು ಸೆಟೆದಿಲ್ಲ. ಇಂಥ ಸಾವನ್ನ ಎಲ್ಲಾದ್ರೂ ನೋಡಿದ್ದೀರಾ?"

"ವಿಷ ಹಾಕಿದ್ರೆ..."

"ನೆರಡಿ ಬಂದ್ರೆ ಹೀಗಾಗುತ್ತೆ."

ಆ ಒಂದು ಮಾತಿಗೆ ಜನ ತಾವಾಗಿಯೇ ಹಿಂದೆ ಸರಿದರು. ವಯಸ್ಸಾದವರಿಗೆ ಅದು ಗೊತ್ತಿತ್ತು: ದನದಿಂದ ಮನುಷ್ಯನಿಗೆ ಹತ್ತುವ ಕಾಯಿಲೆ, ಮಣ್ಣಿನೊಳಗೆ ಹತ್ತಾರು ವರ್ಷ ಸಾಯದೆ ಕಾಯುವ ಕಾಯಿಲೆ.

"ಹೊಟ್ಟೆ ಮುಚ್ಚಿದ್ದರೆ ರೋಗ ಒಳಗೇ ಕೊಳೆತು ಸಾಯುತ್ತೆ. ತೆರೆದ್ರೆ ಗಾಳಿ ತಗುಲಿ ಬೀಜ ಕಟ್ಟುತ್ತೆ. ಆ ಬೀಜ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ನೆಲದಲ್ಲಿ ಇರುತ್ತೆ. ಈಗ ಇಡ್ತೀರಾ ಕೆಳಗೆ?"

ಮೀಸೆ ಕತ್ತಿ ಇಳಿಸಿದ. ದನಿ ಇಳಿಸಲಿಲ್ಲ.

"ನೆರಡಿ ಎಲ್ಲಿಂದ ಬರುತ್ತೆ? ಇಪ್ಪತ್ತೈದು ದಿನದ ಹಿಂದೆ ಒಂದು ಕರುನೂ ಬಿಡದೆ ಅದಕ್ಕೇ ಅಂತ ಲಸಿಕೆ ಹಾಕಿಸಿದ್ದೀವಿ. ಅದೂ ಸುಮ್ನೆ ಅಲ್ಲ, ಜೋಡಿ ಸೂಜಿ! ಲಸಿಕೆ ಹಾಕಿಸಿಕೊಂಡ ನಮ್ಮ ದನ ಸಾಯುತ್ತೆ, ಹೆಣ ಎಳೆಯೋನ ಎತ್ತು ಬಂಡೆ ಥರ ನಿಂತಿರುತ್ತೆ. ಇದಕ್ಕಿಂತ ಸಾಕ್ಷಿ ಬೇಕಾ?"

ಒಂಬತ್ತು ದಿನಗಳಲ್ಲಿ ಇದು ಏಳನೇ ಸಾವು. ಸತ್ತ ದನಗಳನ್ನು ಹೊತ್ತುಹಾಕುವ ಗಾಡಿಯಣ್ಣ, ಚರ್ಮದ ಆಸೆಗೆ ಮೇವಿನಲ್ಲಿ ಮೊದಲೇ ವಿಷ ಬೆರೆಸಿಟ್ಟನೆಂಬ ಅಪವಾದ ಹೊತ್ತು, ಕೈಯ ಗಾಯದಿಂದಾಗಿ ನಿನ್ನೆಯಿಂದ ಊರ ಆಸ್ಪತ್ರೆಯ ಮಂಚಕ್ಕೆ ಬೇಡಿ ಬಿಗಿಸಿಕೊಂಡು ಮಲಗಿದ್ದ. ಸತ್ತದ್ದನ್ನು ಎತ್ತುವವನೇ ಸಾಯಿಸಿದವನು ಎಂದುಬಿಡುವುದು ಎಷ್ಟು ಸಲೀಸು! ಊರಿನ ಹೇಸಿಗೆಯನ್ನು ಯಾರ ಕೈಗೆ ಕೊಡುತ್ತೇವೋ ಪಾಪವನ್ನೂ ಅವರ ಕೈಗೇ ಕೊಟ್ಟು ನಾವು ಕೈತೊಳೆದುಕೊಳ್ಳುತ್ತೇವೆ.

ಹಿಂದಿನ ಆರು ದನಗಳ ಒಂದು ಹನಿ ರಕ್ತವನ್ನೂ ಯಾರೂ ತೆಗೆದಿರಲಿಲ್ಲ. ನಾಲ್ಕು ಆಸ್ಪತ್ರೆಗೆ ಒಬ್ಬಳೇ ಡಾಕ್ಟರಮ್ಮ. ಅವಳು ಬೇರೆ ಕಡೆ ಇದ್ದಾಗ ಸತ್ತವು, ಬರುವ ಹೊತ್ತಿಗೆ ಮಣ್ಣಾಗಿದ್ದವು.

ಅವಳು ಎರಡು ಜೊತೆ ಕೈಗವಸು ಒಂದರ ಮೇಲೊಂದು ಹಾಕಿಕೊಂಡು ಹಸುವಿನ ತಲೆಯ ಬಳಿ ಮೊಣಕಾಲೂರಿದಳು. ಕಿವಿಯ ತುದಿಯ ನರಕ್ಕೆ ಬ್ಲೇಡಿನ ಮೊನೆ ತಾಗಿಸಿ, ಬಂದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಎಳೆದಳು. ಅಷ್ಟರಲ್ಲಿ ಒಂದು ನೊಣ ಬಂದು ಅವಳ ಮುಂಗೈ ಮೇಲೆ, ಕೈಗವಸು ಮುಗಿದು ಚರ್ಮ ಶುರುವಾಗುವ ಅಂಚಿನಲ್ಲಿ ಕೂತಿತು. ಕೊಡವಲು ಕೈ ಖಾಲಿ ಇರಲಿಲ್ಲ. ಉಸಿರು ಹಿಡಿದಳು. ಅದು ಎರಡು ಸಲ ಕಾಲು ಉಜ್ಜಿ ಹಾರಿಹೋಯಿತು.

ಗಾಯಕ್ಕೆ ಹತ್ತಿ ಒತ್ತಿ, ಮೂಗಿಗೂ ಹತ್ತಿ ತುರುಕಿ ಎದ್ದಳು.

"ಎಂಟಡಿ ಗುಂಡಿ ತೋಡ್ಸಿ. ಯಂತ್ರ ತರ್ಸಿ, ಕೈಯಲ್ಲಿ ಬೇಡ. ಕೆಳಗೆ ಸುಣ್ಣ, ಮೇಲೆ ಸುಣ್ಣ. ರಕ್ತ ಬಿದ್ದ ಜಾಗದ ಹುಲ್ಲು ಸುಟ್ಟುಹಾಕಿ. ಇಲ್ಲಿಂದ ಒಂದು ದನಾನೂ ಆಚೆ ಹೋಗೋ ಹಾಗಿಲ್ಲ, ಒಂದು ಹನಿ ಹಾಲೂ ಹೋಗೋ ಹಾಗಿಲ್ಲ."

"ಹಾಲು ಕರೀದೇ ಇರಕ್ಕಾಗುತ್ತಾ?"

"ಕರೀರಿ. ಸುಣ್ಣ ಹಾಕಿ ಗುಂಡಿಗೆ ಸುರೀರಿ."

"ನಮ್ಮನ್ನೂ ಅದೇ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿಬಿಡವ್ವ," ಎಂದಳು ಹಿಂದೆ ನಿಂತಿದ್ದ ಒಬ್ಬ ಅಜ್ಜಿ. "ಕೆಲಸ ಒಂದೇ ಸಲಕ್ಕೆ ಮುಗೀಲಿ."

ಬೇರೆ ದಿನವಾಗಿದ್ದರೆ ನಗು ಏಳುತ್ತಿತ್ತು.

*

ದನದ ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಕಟ್ಟುಗಂಬ, ಬಾಗಿಲು ಸರಿಯಾಗಿ ಮುಚ್ಚದ ಒಂದು ಫ್ರಿಜ್ಜು. ಬಣ್ಣ ಹಾಕಿ ಒಣಗಿಸಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಡಾಕ್ಟರಮ್ಮ ಕಣ್ಣು ಹಚ್ಚಿದಳು.

ಮೊದಲು ಬರೀ ಮಸುಕು. ತಿರುಪು ಅರ್ಧ ಸುತ್ತು ತಿರುಗಿಸಿದಳು.

ಬಿದಿರು ಕಾಣಿಸಿತು. ಗಣ್ಣು ಗಣ್ಣಾಗಿ ಜೋಡಿಸಿದ ನೀಲಿ ಬಿದಿರ ಕಡ್ಡಿಗಳು, ಪ್ರತಿ ಕಡ್ಡಿಯ ಸುತ್ತ ಗುಲಾಬಿ ಬಣ್ಣದ ತೆಳು ಹೊದಿಕೆ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ನೋಡಲು ಎಷ್ಟು ಚೆಂದ!

ನೆರಡಿ. ಇನ್ನು ಅನುಮಾನವಿಲ್ಲ.

ತಕ್ಷಣ ಊರ ಆಸ್ಪತ್ರೆಗೆ ಫೋನು ಮಾಡಿದಳು. ಎತ್ತಿದ್ದು ಚಿಕ್ಕ ಡಾಕ್ಟರ್. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಹುಡುಗುಮುಖದವನು, ಅದಕ್ಕೇ ಆ ಹೆಸರು.

"ಗಾಡಿಯಣ್ಣನ ಕೈಮೇಲೆ ಗಾಯ ಇದೆ ಅಂದ್ರಲ್ಲ ಡಾಕ್ಟ್ರೇ, ಹೇಗಿದೆ?"

"ಮುಂಗೈಯಲ್ಲಿದೆ. ನಡುವೆ ಕಲ್ಲಿದ್ದಲಿನ ಥರ ಕಪ್ಪು ಹಕ್ಕಳೆ, ಸುತ್ತ ಊತ. ವಿಷ ಕಲಸುವಾಗ ಬಿದ್ದು ಸುಟ್ಟಿದ್ದು ಅಂತ ಪೊಲೀಸ್ನೋರು ಬರ್ಕೊಂಡಿದ್ದಾರೆ."

"ನೋವಿದೆ ಅಂತಾನಾ?"

"ಅದೇ ವಿಚಿತ್ರ ಮೇಡಂ. ನೋವೇ ಇಲ್ಲ ಅಂತಾನೆ. ಸುಟ್ಟಗಾಯ ನೋಯದೇ ಇರುತ್ತಾ?"

"ಸುಟ್ಟಗಾಯ ಅಲ್ಲ ಅದು. ನೆರಡಿ ಹಸುವಿನ ಚರ್ಮ ಸುಲಿದಾಗ ಹತ್ತಿದ್ದು. ಪೆನ್ಸಿಲಿನ್ ಶುರು ಮಾಡಿ, ಈಗಲೇ. ರಕ್ತಕ್ಕೆ ಏರಿದ್ರೆ ಉಳಿಯಲ್ಲ."

ಚಿಕ್ಕ ಡಾಕ್ಟರ್ ದನಿ ತಗ್ಗಿಸಿದ.

"ಮೊದಲ ಸೂಜಿ ನಾನು ಹಾಕ್ತೀನಿ. ಆದ್ರೆ ಎರಡು ಗಂಟೆಗೆ ಪೊಲೀಸ್ ಜಮೇದಾರ್ರು ಅವನನ್ನ ಇಲ್ಲಿಂದ ಬಿಡಿಸ್ಕೊಂಡು ಜೈಲಿಗೆ ಸಾಗಿಸ್ತಾರೆ. ಹೋಗೋ ದಾರಿ ಸಂಘದೋರ ಕೊಟ್ಟಿಗೆಗಳ ಮುಂದೇನೇ. ಅಲ್ಲಿ ಜನ ಕಲ್ಲು ಕೂಡಿಟ್ಟಿದ್ದಾರಂತೆ. ಅದನ್ನ ದಾಟಿ ಜೈಲು ಸೇರಿದ್ರೂ, ನಾಲ್ಕು ಗಂಟೆಗೊಂದು ಸೂಜಿ ಹಾಕೋರು ಯಾರಿದ್ದಾರೆ ಅಲ್ಲಿ?"

"ತಡೀರಿ ಅವರನ್ನ."

"ನೀವು ಬರೆದುಕೊಟ್ರೆ ತಡೀತೀನಿ. ಆದ್ರೆ ಜಮೇದಾರ್ರು ಒಂದೇ ಪ್ರಶ್ನೆ ಕೇಳ್ತಾರೆ. ಲಸಿಕೆ ಹಾಕಿದ ದನಕ್ಕೆ ಆ ರೋಗ ಹೇಗೆ ಬಂತು? ಅದಕ್ಕೆ ಉತ್ತರ ಬರೀರಿ ಮೇಡಂ. ಇಲ್ದಿದ್ರೆ ನಿಮ್ಮ ಕಾಗದ ಹರಿದು ಬಿಸಾಕ್ತಾರೆ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ಫೋನು ಇಡುವ ಮೊದಲೇ ಇನ್ನೊಂದು ಕರೆ ಬಂತು. ಅವಳ ಇಲಾಖೆಯ ದೊಡ್ಡ ಸಾಹೇಬರು.

"ನೆರಡಿ ಗಿರಡಿ ಅಂತ ಜನರ ಮುಂದೆ ಬಾಯಿಬಿಟ್ರಂತಲ್ಲ? ಲಸಿಕೆ ನೂರಕ್ಕೆ ನೂರು ಅಂತ ನಾನು ಮೇಲಕ್ಕೆ ಬರೆದು ಕಳಿಸಿದ್ದೀನಿ."

"ಕಣ್ಣಾರೆ ನೋಡಿದೆ ಸಾರ್. ಬಿದಿರು ಕಡ್ಡಿ ಹಾಗೆ..."

"ನಿಮ್ಮ ಕಣ್ಣಿಗೆ ಏನು ಬೇಕಾದ್ರೂ ಕಾಣಿಸ್ಬಹುದು. ಕಾಗದದ ಮೇಲೆ ಆ ರೋಗ ಇಲ್ಲ. ಪೊಲೀಸ್ನೋರು ವಿಷ ಅಂತಿದ್ದಾರೆ, ವಿಷಾನೇ ಇರ್ಲಿ. ಯಾರಿಗೇನು ನಷ್ಟ?"

ಯಾರಿಗೇನು ನಷ್ಟ! ಆ ಮಂಚದ ಮೇಲೆ ಮಲಗಿದವನು ಅವರ ಲೆಕ್ಕದಲ್ಲಿ ಯಾರೂ ಅಲ್ಲ. ಡಾಕ್ಟರಮ್ಮ ಉತ್ತರಿಸದೆ ಕರೆ ಕತ್ತರಿಸಿದಳು. ಹನ್ನೆರಡು ವರ್ಷದ ನೌಕರಿಯಲ್ಲಿ ಅದು ಮೊದಲ ಸಲ.

ಲಸಿಕೆ ಪುಸ್ತಕ ತೆಗೆದಳು. ಮೂವತ್ತೆಂಟು ಕೊಟ್ಟಿಗೆ, ಇನ್ನೂರ ಹದಿನಾರು ದನ, ಒಂದೇ ದಿನ, ಒಂದೇ ಬ್ಯಾಚಿನ ಸೀಸೆಗಳು. ಫ್ರಿಜ್ಜಿನ ತಾಪಮಾನ ದಿನಕ್ಕೆರಡು ಸಲ ಬರೆದಿತ್ತು. ಎಲ್ಲೂ ತಪ್ಪಿಲ್ಲ. ಪಟ್ಟಿಯ ಕೊನೆಯ ಸಾಲು: ಗಾಡಿಯವನ ಎತ್ತು, ಒಂದು.

ಅದೇ ಸೀಸೆ, ಅದೇ ಕೈ, ಅದೇ ದಿನ. ಬೇರೆ ದನಗಳು ಸತ್ತವು. ನೆರಡಿಯ ಹೆಣಗಳನ್ನು ದಿನಾ ಎಳೆದ ಎತ್ತು ಬದುಕಿದೆ.

ಯಾಕೆ?

*

ಗಾಡಿಯಣ್ಣನ ಹೆಂಡತಿ ಎತ್ತಿನ ಮೂಗುದಾರ ಹಿಡಿದು ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಬಾಗಿಲ ಮೇಲೆ ಯಾರೋ ಇದ್ದಿಲಿನಲ್ಲಿ 'ವಿಷ' ಎಂದು ಬರೆದಿದ್ದರು.

"ಒಳಗೆ ಹೋಗಬಾರದಾ ಅಕ್ಕ?"

"ಒಳಗೆ ಹೋದ್ರೆ ಇದನ್ನ ಕೊಲ್ತಾರೆ. ಹೊರಗಿದ್ರೆ ನನ್ನನ್ನೂ ಸೇರಿಸಿ ಕೊಲ್ಬೇಕಲ್ಲ. ಎರಡೆರಡು ಕೆಲಸ, ಸ್ವಲ್ಪ ಸೋಮಾರಿತನ ಮಾಡ್ತಾರೆ."

ಆ ಮಾತಿಗೆ ಅವಳೇ ನಕ್ಕಳು. ನಗು ತುಟಿಯಿಂದ ಮೇಲೆ ಏರಲಿಲ್ಲ.

"ನಮ್ಮೋರು ಹೇಗಿದ್ದಾರೆ?"

"ಔಷಧಿ ಶುರುವಾಗಿದೆ. ನಿಲ್ಲದ ಹಾಗೆ ನೋಡ್ಕೋಬೇಕು. ಅದಕ್ಕೇ ಬಂದೆ. ಅಕ್ಕ, ಎತ್ತಿಗೆ ಬೇರೆ ಏನಾದ್ರೂ ಔಷಧಿ ಕೊಟ್ಟಿದ್ರಾ? ಸೊಪ್ಪು, ಕಷಾಯ?"

"ಹುಲ್ಲು ಕೊಟ್ಟಿದ್ದೀವಿ. ಅದೂ ಅರ್ಧ ಹೊಟ್ಟೆ."

"ಸುಳ್ಳು ಹೇಳಬೇಡಿ. ಅವರ ಜೀವದ ಪ್ರಶ್ನೆ."

"ಸುಳ್ಳು ಹೇಳೋಕೂ ಅನುಕೂಲ ಬೇಕು ಡಾಕ್ಟರಮ್ಮ. ಅವತ್ತು ಲಸಿಕೆ ಹಾಕೋ ದಿನ ಹಗ್ಗ ಕಟ್ಟಿದ್ರು. ಹಗ್ಗದ ಒಳಗೆ ಸಂಘದೋರ ದನ. ನಮ್ಮನ್ನ ಆಚೆ ನಿಲ್ಲಿಸಿದ್ರು, ಸಾಯಂಕಾಲದವರೆಗೂ. ಹೆಣ ಎಳೆಯೋ ಎತ್ತು, ಮಧ್ಯದಲ್ಲಿ ಬರಬಾರದಂತೆ. ಎಲ್ಲರದೂ ಮುಗಿದ ಮೇಲೆ ನಿಮ್ಮ ಆಸ್ಪತ್ರೆ ಸೂಜಿ ಮಾವ ಬಂದು ಚುಚ್ಚಿದ. ಅದೂ ಒಂದೇ. ಅವರಿಗೆಲ್ಲ ಜೋಡಿ ಸೂಜಿ, ನಮಗೆ ಒಂದೇ ಸೂಜಿ."

ಜೋಡಿ ಸೂಜಿ! ಡಾಕ್ಟರಮ್ಮ ತಟ್ಟನೆ ಅವಳತ್ತ ತಿರುಗಿದಳು. ಬೆಳಿಗ್ಗೆ ಮೀಸೆಯ ಬಾಯಲ್ಲಿ ಬಂದಾಗ ಅದು ಜಂಬದ ಮಾತೆಂದು ಕಿವಿಯ ಮೇಲಿಂದ ಹಾದುಹೋಗಿತ್ತು.

"ಜೋಡಿ ಅಂದ್ರೆ? ಒಂದೇ ದನಕ್ಕೆ ಎರಡು ಸಲ ಚುಚ್ಚಿದ್ರಾ?"

"ಹ್ಞೂ. ಈ ಕಡೆ ಒಂದು, ಆ ಕಡೆ ಒಂದು. ಇನ್ನೊಂದು ನಮಗೂ ಹಾಕಿ ಮಾವ ಅಂತ ನಮ್ಮೋರು ಕೈಮುಗಿದ್ರು. ಮೀಸೆ ಬಿಡ್ಲಿಲ್ಲ. ಅದು ಸಂಘ ತರ್ಸಿದ ಔಷಧಿ, ನಿನ್ನಂಥೋರಿಗಲ್ಲ ಅಂದ."

"ಎರಡನೇ ಸೂಜಿ ಯಾವುದು? ನೋಡಿದ್ರಾ?"

"ನೋಡೋದೇನು, ಖಾಲಿ ಸೀಸೆ ಹೂತಿದ್ದೇ ನಾವು. ಊರ ಕಸ ನಮ್ಮದೇ ತಾನೇ?"

ಹಿತ್ತಿಲ ಮೂಲೆಯಲ್ಲಿ ಅವಳು ಗುದ್ದಲಿಯಿಂದ ನಾಲ್ಕು ಪೆಟ್ಟು ಹಾಕಿದಳು. ಮೊಣಕೈ ಆಳದಲ್ಲಿ ಗಾಜು ಸದ್ದು ಮಾಡಿತು. ಡಾಕ್ಟರಮ್ಮ ಒಂದು ಸೀಸೆ ಎತ್ತಿ ಮಣ್ಣೊರೆಸಿದಳು. ಚೀಟಿ ಅರ್ಧ ಹರಿದಿತ್ತು. ಉಳಿದರ್ಧ ಸಾಕಾಗಿತ್ತು.

ಪೆನ್ಸಿಲಿನ್.

ಅವಳು ಅಲ್ಲೇ, ಮಣ್ಣಿನ ಮೇಲೆ ಕೂತುಬಿಟ್ಟಳು.

"ಏನಾಯ್ತು? ವಿಷನಾ ಅದು?" ಗಾಡಿಯಣ್ಣನ ಹೆಂಡತಿ ಗಾಬರಿಯಾದಳು.

"ಅಲ್ಲ. ಒಳ್ಳೇ ಔಷಧಿ. ಈಗ ನಿಮ್ಮ ಯಜಮಾನರಿಗೆ ಹಾಕ್ತಿರೋದೂ ಇದನ್ನೇ. ಅಕ್ಕ, ಅವತ್ತು ಅವರು ನಿಮ್ಮನ್ನ ಹಗ್ಗದ ಆಚೆ ನಿಲ್ಲಿಸಿದ್ದಕ್ಕೇ ನಿಮ್ಮ ಎತ್ತು ಬದುಕಿದೆ."

ಆ ಹೆಂಗಸು ಅರ್ಥವಾಗದೆ ಅವಳನ್ನೇ ನೋಡಿದಳು. ಮನುಷ್ಯರನ್ನು ದೂರವಿಟ್ಟ ಒಂದು ಹಗ್ಗ, ದೂರವಿಟ್ಟವರ ದನಗಳನ್ನೇ ಸಾಲಾಗಿ ಸಾವಿನ ಬಾಯಿಗೆ ಕಟ್ಟಿಹಾಕಿತ್ತು. ಈಗ ಅದೇ ಎತ್ತು ಬದುಕಿದ್ದು ಅವಳ ಗಂಡನ ಮೇಲಿನ ಸಾಕ್ಷಿಯಾಗಿತ್ತು.

*

ಸೂಜಿ ಮಾವ ಔಷಧಿ ಕೋಣೆಯಲ್ಲಿ ಹತ್ತಿ ಸುತ್ತುತ್ತಾ ಕೂತಿದ್ದ. ಮೂವತ್ತು ವರ್ಷದ ಕಾಂಪೌಂಡರ್. ಅವನು ಚುಚ್ಚಿದರೆ ದನ ಕಿವಿ ಕೂಡ ಅಲ್ಲಾಡಿಸುವುದಿಲ್ಲವೆಂದು ಜನ ಹೇಳುತ್ತಿದ್ದರು.

ಡಾಕ್ಟರಮ್ಮ ಬಾಗಿಲು ಹಾಕಿ ಚಿಲಕವಿಟ್ಟಳು. ಸೀಸೆಯನ್ನು ಅವನ ಮುಂದಿನ ಮೇಜಿನ ಮೇಲೆ ಇಟ್ಟಳು.

"ಇದೇನು ಮಾವ?"

ಅವನು ಕನ್ನಡಕ ಮೇಲಕ್ಕೇರಿಸಿದ. "ಓ ಇದಾ! ಸಂಘದ್ದು. ಎಲ್ಲಿ ಸಿಕ್ತು?"

ಮುಖದಲ್ಲಿ ಅಳುಕಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಲಸಿಕೆ ಹಾಕಿದ ದಿನಾನೇ ಇದನ್ನೂ ಹಾಕಿದ್ರಾ?"

"ಅದೇ ದಿನ, ಅದೇ ನಿಮಿಷ. ಜೋಡಿ ಸೂಜಿ ಅಂತ ನಾನೇ ಹೆಸರಿಟ್ಟೆ. ಲಸಿಕೆ ಹಾಕಿದ್ರೆ ಎರಡು ದಿನ ಮೈ ಬೆಚ್ಚಗಾಗುತ್ತೆ, ಹಾಲು ಇಳಿಯುತ್ತೆ. ಹೋದ ವರ್ಷ ಮೀಸೆ ನನ್ನ ಕೊರಳಪಟ್ಟಿ ಹಿಡಿದಿದ್ದ ಮೇಡಂ, ನಿನ್ನ ಸೂಜಿಯಿಂದ ಹಾಲು ಹೋಯ್ತು ಅಂತ. ಈ ಸಲ ಇದನ್ನೂ ಸೇರಿಸ್ದೆ. ಒಂದು ಲೋಟ ಹಾಲೂ ಇಳೀಲಿಲ್ಲ. ಜನ ಹೊಗಳಿದ್ದೇ ಹೊಗಳಿದ್ದು."

"ಯಾಕೆ ಇಳೀಲಿಲ್ಲ ಗೊತ್ತಾ ಮಾವ?"

"ಔಷಧಿ ಗುಣ."

"ಲಸಿಕೆ ಸತ್ತುಹೋಯ್ತು. ಅದಕ್ಕೆ."

ಹತ್ತಿ ಸುತ್ತುತ್ತಿದ್ದ ಬೆರಳು ನಿಂತವು.

"ಆ ಲಸಿಕೆ ಜೀವಂತ ಮಾವ. ಶಕ್ತಿ ಕುಂದಿಸಿದ ಅದೇ ರೋಗದ ಬೀಜ. ದನದ ಮೈಯೊಳಗೆ ಅದು ನಾಲ್ಕು ದಿನ ಬದುಕಿದ್ರೆ ತಾನೇ ಮೈ ಕಾದಾಡೋದನ್ನ ಕಲಿಯೋದು? ನೀವು ಎಡಗಡೆ ಅದನ್ನ ಬಿತ್ತಿದ್ರಿ, ಬಲಗಡೆ ಅದನ್ನ ಕೊಲ್ಲೋ ಔಷಧಿ ಹಾಕಿದ್ರಿ."

"ಹಾಗಾದ್ರೆ... ಆ ದನಗಳಿಗೆ..."

"ಸಂಘದ ಒಂದು ದನಕ್ಕೂ ರಕ್ಷಣೆ ಇಲ್ಲ. ನಿಜವಾಗಿ ಲಸಿಕೆ ಹತ್ತಿದ್ದು ಈ ಊರಿನಲ್ಲಿ ಒಂದೇ ಒಂದು ಪ್ರಾಣಿಗೆ. ಅದರ ಯಜಮಾನ ಬೇಡಿ ಹಾಕಿಸ್ಕೊಂಡು ಮಲಗಿದ್ದಾನೆ."

ಸೂಜಿ ಮಾವ ಮೇಲೆದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದ.

"ನನ್ನ ಕೈಯಿಂದಾನಾ?" ಎಂದ. "ನಾನು ಅವುಗಳನ್ನ ಕರು ಇದ್ದಾಗಿನಿಂದ ನೋಡಿದ್ದೀನಿ ಮೇಡಂ."

"ಯಾರನ್ನ ಕೇಳಿ ಹಾಕಿದ್ರಿ? ಸೀಸೆ ಜೊತೆ ಬರೋ ಕಾಗದದಲ್ಲಿ ಬರೆದಿರುತ್ತೆ, ಬೇರೆ ಔಷಧಿ ಸೇರಿಸಬಾರದು ಅಂತ. ಓದಿಲ್ವಾ?"

"ಅಷ್ಟು ಸಣ್ಣ ಅಕ್ಷರ, ಅದೂ ನನಗೆ ಬಾರದ ಭಾಷೆ..."

"ಮೂವತ್ತು ವರ್ಷ ಕೆಲಸ ಮಾಡಿದ್ದೀರಿ. ಗೊತ್ತಿಲ್ದಿದ್ರೆ ನನ್ನನ್ನ ಒಂದು ಮಾತು ಕೇಳಬೇಕಾಗಿತ್ತು. ಒಂದೇ ಒಂದು ಫೋನು! ಏಳು ದನ ಸತ್ತಿವೆ, ಒಬ್ಬ ಮನುಷ್ಯ ಸಾಯ್ತಿದ್ದಾನೆ. ಒಂದು ಫೋನು ಮಾಡೋಕೆ ನಿಮಗೇನಾಗಿತ್ತು?"

ಅವನು ತಲೆಯೆತ್ತಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತನಗಾಗಿ ಅಲ್ಲ, ಅವಳಿಗಾಗಿ ಏನನ್ನೋ ನುಂಗಿಕೊಳ್ಳುವವನ ಸಂಕಟವಿತ್ತು.

"ಕೇಳಿದ್ದೆ ಮೇಡಂ."

"ಯಾರನ್ನ?"

"ನಿಮ್ಮನ್ನೇ."

ಹೊರಗೆ ಕಟ್ಟುಗಂಬದ ಬಳಿ ಯಾರದೋ ಮೇಕೆ ಕೂಗಿತು.

ಅವನು ಅಂಗಿಯ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದ. "ಮೇಲಿನೋರು ಹೇಳೋದು ಒಂದು, ಆಮೇಲೆ ಒಪ್ಪೋದು ಇನ್ನೊಂದು. ಅದಕ್ಕೇ ಯಾರು ಏನು ಹೇಳಿದ್ರೂ ಬರೆದಿಟ್ಕೋತೀನಿ. ನಿಮ್ಮ ಮೇಲೆ ಅನುಮಾನ ಅಂತ ಅಲ್ಲ."

ಪುಟ ತಿರುಗಿಸಿ ತೋರಿಸಿದ. ಉರುಟು ಅಕ್ಷರ. ತಾರೀಖು, ಬೆಳಿಗ್ಗೆ ಎಂಟೂ ಹತ್ತು. 'ಲಸಿಕೆ ಜೊತೆ ಜ್ವರದ ಸೂಜಿ ಹಾಕಲೇ ಎಂದು ಮೇಡಂ ಅವರನ್ನು ಫೋನಿನಲ್ಲಿ ಕೇಳಿದೆ. ಹಾಕಿ ಮಾವ, ಏನೂ ಆಗಲ್ಲ ಎಂದರು.'

ಅವಳಿಗೆ ಎಲ್ಲ ನೆನಪಾಯಿತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ಭುಜದಲ್ಲಿ ಮಂಜಿನ ಪೆಟ್ಟಿಗೆ, ಕಿವಿ ಮತ್ತು ಹೆಗಲ ನಡುವೆ ಫೋನು. ಜ್ವರದ ಸೂಜಿ ಎಂದರೆ ಮೈಕಾವು ಇಳಿಸುವ ಬರೀ ಒಂದು ಔಷಧಿ. ಅವಳ ಪುಸ್ತಕದಲ್ಲಿ ಅದಕ್ಕೆ ಅದೇ ಅರ್ಥ. ಅದರಿಂದ ಲಸಿಕೆಗೆ ಏನೂ ಆಗುವುದಿಲ್ಲ.

"ಇಲ್ಲಿ ಜ್ವರದ ಸೂಜಿ ಅಂದ್ರೆ..." ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

"ಪೆನ್ಸಿಲಿನ್ನೇ ಮೇಡಂ. ಮೊದಲಿನಿಂದಲೂ ಹಾಗೇ ಕರೆಯೋದು. ದನಕ್ಕೆ ಜ್ವರ ಅಂತ ಬಂದ್ರೆ ಅದನ್ನೇ ತಾನೇ ಹಾಕೋದು? ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಯಾವ ಔಷಧಿ ಮಾವ, ಹೆಸರು ಹೇಳಿ. ಅಷ್ಟು ಕೇಳಿದ್ದರೆ ಸಾಕಿತ್ತು. ಬಸ್ಸು ಹೊರಟಿತ್ತು. ಅವಳು ಕೇಳಿರಲಿಲ್ಲ.

ಒಂಬತ್ತು ದಿನದಿಂದ ಹುಡುಕುತ್ತಿದ್ದ ಕೈ ಸಿಕ್ಕಿತ್ತು. ಅವಳು ತನ್ನ ಅಂಗೈಯನ್ನೇ ನೋಡಿದಳು. ಕೈಗವಸಿನ ಪುಡಿ ಇನ್ನೂ ಬೆರಳ ಸಂದಿಯಲ್ಲಿತ್ತು.

"ಪುಟ ಹರಿದುಬಿಡ್ಲಾ ಮೇಡಂ?" ಸೂಜಿ ಮಾವ ಪಿಸುಗುಟ್ಟಿದ. "ನನ್ನ ತಪ್ಪು ಅಂತ ಬರೀರಿ. ಇಲ್ಲಾ, ಯಾರದೂ ಬೇಡ. ಸೀಸೆ ವಾಪಸ್ ಹೂತುಬಿಡೋಣ. ದೊಡ್ಡ ಸಾಹೇಬ್ರು ಹೇಗೂ ವಿಷ ಅಂತಿದ್ದಾರೆ. ನಿಜ ಹೇಳಿದ್ರೆ ಆ ಕಲ್ಲುಗಳು ಎಲ್ಲಿಗೆ ಬರ್ತವೆ ಗೊತ್ತಾ? ಇಲ್ಲಿಗೆ. ನಾವಿಬ್ಬರೇ ಇದ್ದೀವಿ, ಈ ಬಾಗಿಲಿಗೆ ಒಂದೇ ಚಿಲಕ."

ಅವಳು ಚಿಲಕದ ಕಡೆ ನೋಡಿದಳು. ತುಕ್ಕು ಹಿಡಿದಿತ್ತು, ಒಂದು ಒದೆತಕ್ಕೂ ತಾಳುವಂತಿರಲಿಲ್ಲ. ಹೂತುಬಿಡುವುದು ಎಷ್ಟು ಸುಲಭವೆಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು. ಆ ಒಂದು ಗಳಿಗೆಗೆ ಅವಳು ತನ್ನನ್ನು ತಾನೇ ಹೆದರಿ ನೋಡಿದಳು: ಯಾರಿಗೇನು ನಷ್ಟ ಎಂದು ಕೇಳಿದವರು ಹುಟ್ಟುವುದು ಹೀಗೆಯೇ ಇರಬೇಕು, ಹೀಗೊಂದು ಮುಚ್ಚಿದ ಕೋಣೆಯಲ್ಲಿ, ಹೀಗೊಂದು ಪುಟದ ಮುಂದೆ.

"ಪುಸ್ತಕ ಕೊಡಿ ಮಾವ."

ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದಳು. ಈ ಸಾವುಗಳಿಗೆ ವಿಷ ಕಾರಣವಲ್ಲ. ಮುಂದಿನ ವಾಕ್ಯಕ್ಕೆ ಪೆನ್ನು ನಿಂತಿತು. ಗಂಟೆ ಒಂದೂ ಹತ್ತು. ಇನ್ನೂ ಐವತ್ತು ನಿಮಿಷವಿದೆ. ಬರೆಯಬಹುದು, ಸೈಕಲ್ಲಿನಲ್ಲಿ ಕಳಿಸಬಹುದು, ಕಾಗದ ತಲುಪುವ ಹೊತ್ತಿಗೆ ತಾನು...

ಫೋನು ಹೊಡೆದುಕೊಂಡಿತು. ಚಿಕ್ಕ ಡಾಕ್ಟರ್.

"ಮೇಡಂ, ಜನ ಆಸ್ಪತ್ರೆಗೇ ಬಂದುಬಿಟ್ಟಿದ್ದಾರೆ." ಏದುಸಿರು. ಹಿಂದೆ ಗಾಜು ಒಡೆದ ಸದ್ದು. "ದಾರೀಲಿ ಕಾಯಲ್ವಂತೆ. ವರಾಂಡಾ ತುಂಬಿದೆ. ಜಮೇದಾರ್ರು ಕಾಣಿಸ್ತಿಲ್ಲ, ಬೇಡಿ ಬೀಗದ ಕೈ ಅವರ ಹತ್ರಾನೇ ಇದೆ. ಅವನನ್ನ ಎಬ್ಬಿಸಿ ಓಡಿಸೋಣ ಅಂದ್ರೂ ಆಗಲ್ಲ. ನಾನು ಬಾಗಿಲಿಗೆ ಅಡ್ಡ ನಿಂತಿದ್ದೀನಿ."

"ನಾನೀಗಲೇ ಬರ್ತೀನಿ..."

"ನೀವು ಬರೋವರೆಗೆ ಇರಲ್ಲ ಮೇಡಂ, ಅವನೂ ಇರಲ್ಲ, ನಾನೂ ಇರಲ್ಲ! ಅವರಿಗೆ ನಾನು ಯಾರು? ರೋಗ ಅಂದ್ರೆ ನಗ್ತಾರೆ. ನೀವು ಹೇಳಿದ್ರೆ ಮಾತ್ರ ಕೇಳ್ತಾರಂತೆ, ನೀವು ದನದ ಡಾಕ್ಟ್ರು. ನಿಮ್ಮ ಬಾಯಿಂದಾನೇ ಬರ್ಬೇಕಂತೆ. ಸ್ಪೀಕರ್ ಹಾಕ್ತಿದ್ದೀನಿ. ಹೇಳಿ, ಬೇಗ ಹೇಳಿ."

ಗದ್ದಲ ಒಮ್ಮೆಲೇ ಹತ್ತಿರವಾಯಿತು.  ಯಾರೋ "ಶ್ಶ್" ಎಂದರು. ಗದ್ದಲ ಇಳಿಯಿತು, ನೂರು ಜನ ಉಸಿರು ಹಿಡಿದು ಕಿವಿಗೊಟ್ಟ ಮೌನ ಉಳಿಯಿತು.

ಸೂಜಿ ಮಾವ ಎರಡೂ ಕೈ ಜೋಡಿಸಿ, ಬೇಡ ಎಂದು ತಲೆಯಾಡಿಸುತ್ತಿದ್ದ.

ಫೋನಿನೊಳಗಿಂದ ಮೀಸೆಯ ದನಿ ಬಂತು. ಸಿಟ್ಟಿಲ್ಲದೆ, ಬಹಳ ವಿನಯದಿಂದ, ಅದಕ್ಕೇ ಇನ್ನಷ್ಟು ಭಯಂಕರವಾಗಿ:

"ನಮ್ಮ ಮನೆ ಮಗಳ ಥರ ನಿಮ್ಮನ್ನ ನಂಬಿದ್ದೀವಿ ಡಾಕ್ಟರಮ್ಮ. ನೀವು ಯಾರ ಹೆಸರು ಹೇಳಿದ್ರೂ ಸರಿ. ನಮ್ಮ ದನ ಕೊಂದೋರು ಯಾರು?"